ನಿದ್ದೆ ಬಾರದ ಮಗು

ದೇಹವೆಂಬ ಮನೆಗೆ ಮೂರು ಉಪಸ್ತಂಭಗಳುಂಟೆಂದು ನಮ್ಮ ಆಯುರ್ವೇದದ ಹಿರಿಯರು ಹೇಳಿದ್ದಾರೆ. ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಈ ಮೂರನ್ನು ಚರಕಸಂಹಿತೆಯು ಒಂದೇ ಪಂಕ್ತಿಯಲ್ಲಿ ಕೂಡಿಸಿದೆ. ಇವುಗಳಲ್ಲಿ ಮೊದಲನೆಯದರ ವಿಷಯದಲ್ಲಿ ನಾವು ಬಹಳ ಎಚ್ಚರಿಕೆಯುಳ್ಳವರು. ಮನೆಯ ಮಗು ಒಂದು ಹೊತ್ತು ಉಣ್ಣಲಿಲ್ಲವೆಂದರೆ ಅಜ್ಜಿಯಿಂದ ಹಿಡಿದು ನೆರೆಮನೆಯವರವರೆಗೆ ಎಲ್ಲರಿಗೂ ಗಾಬರಿ. ಅದೇ ಮಗು ರಾತ್ರಿ ಹನ್ನೊಂದು ಗಂಟೆಯಾದರೂ ಕಣ್ಣು ಮುಚ್ಚಲಿಲ್ಲವೆಂದರೆ ಅದು ಹಟಮಾರಿ, ಪುಂಡ, ಮಾತು ಕೇಳದ ಮಗು! ಉಣ್ಣದ ಮಗುವಿಗೆ ಕಾಯಿಲೆಯಿರಬಹುದೆಂದು ಎಣಿಸುವ ನಾವು, ಮಲಗದ ಮಗುವಿಗೆ ಕೆಟ್ಟ ಬುದ್ಧಿಯಿದೆಯೆಂದು ತೀರ್ಮಾನಿಸಿಬಿಡುತ್ತೇವೆ. ನಾನೂ ಹೀಗೆ ತೀರ್ಮಾನಿಸಿದವರಲ್ಲಿ ಒಬ್ಬ. ಆ ತಪ್ಪನ್ನು ತಿದ್ದಿಕೊಂಡ ಬಗೆಯನ್ನು ನನ್ನ ಸಹಪಾಠಿಗಳ ಮುಂದೆಯೂ ಅಧ್ಯಾಪಕರ ಮುಂದೆಯೂ ಇಡುವುದೇ ಈ ಲೇಖನದ ಉದ್ದೇಶ.

ನಾನು ಅಂತಿಮ ಬಿ. ಎ. ತರಗತಿಯಲ್ಲಿ ಮನಶ್ಶಾಸ್ತ್ರವನ್ನು ಓದುತ್ತಿರುವವನು. ನಮ್ಮದು ಎರಡು ಕೋಣೆಗಳ ಮನೆ. ಅಲ್ಲಿ ಅವ್ವ, ನಾನು, ಅಕ್ಕ, ಅಕ್ಕನ ಆರು ವರ್ಷದ ಮಗಳು ಇರುತ್ತೇವೆ. ಭಾವನವರು ಉದ್ಯೋಗದ ನಿಮಿತ್ತ ಪರ ಊರಿನಲ್ಲಿದ್ದಾರೆ. ಅಕ್ಕ ಕಳೆದ ವರ್ಷ ಆಸ್ಪತ್ರೆಯೊಂದರಲ್ಲಿ ದಾದಿಯ ಕೆಲಸಕ್ಕೆ ಸೇರಿದಳು. ವಾರದಲ್ಲಿ ಮೂರು ರಾತ್ರಿ ಅವಳಿಗೆ ಹತ್ತು ಗಂಟೆಯ ಪಾಳಿ. ಮಗುವನ್ನು ಈ ಲೇಖನದಲ್ಲಿ ಪುಟ್ಟಿ ಎಂದೇ ಕರೆಯುತ್ತೇನೆ.

ಅದುವರೆಗೆ ದಿಂಬಿಗೆ ತಲೆ ತಗಲುತ್ತಲೇ ನಿದ್ರಿಸುತ್ತಿದ್ದ ಪುಟ್ಟಿಗೆ ಕ್ರಮೇಣ ನಿದ್ದೆ ದೂರವಾಯಿತು. ಒಂಬತ್ತು ಗಂಟೆಗೆ ಹಾಸಿಗೆಗೆ ಹೋಗುವಳು. ಐದು ನಿಮಿಷದಲ್ಲಿ ನೀರು ಬೇಕೆಂದು ಏಳುವಳು. ಆಮೇಲೆ ಮೂತ್ರಕ್ಕೆ, ಆಮೇಲೆ ಸೊಳ್ಳೆಯೆಂದು, ಆಮೇಲೆ ಕಾಲುನೋವೆಂದು. ಹನ್ನೊಂದೂವರೆಯಾದರೂ ಕತ್ತಲಲ್ಲಿ ಎರಡು ಕಣ್ಣುಗಳು ಪಿಳಿಪಿಳಿ ನೋಡುತ್ತಿರುವುವು. ಬೆಳಿಗ್ಗೆ ಆರೂವರೆಗೆ ಎಬ್ಬಿಸಿದರೆ ಅಳು. ಶಾಲೆಯಿಂದ ದೂರು ಬಂದಿತು: ಮಗು ತರಗತಿಯಲ್ಲಿ ತೂಕಡಿಸುತ್ತದೆ, ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಬುದ್ಧಿ ಮಂದವಿರಬಹುದು! ಆ ಚೀಟಿಯನ್ನೋದಿ ಅಕ್ಕ ಅಡಿಗೆಮನೆಯಲ್ಲಿ ಕುಳಿತು ಅತ್ತದ್ದನ್ನು ನಾನು ನೋಡಿದ್ದೇನೆ. ಕೆಲಸವನ್ನೇ ಬಿಟ್ಟುಬಿಡುವುದಾಗಿ ಅವಳು ಎರಡು ಸಲ ಹೇಳಿದಳು. ಅವಳ ಸಂಬಳವಿಲ್ಲದೆ ನನ್ನ ಓದು ಮುಂದುವರಿಯುವಂತಿರಲಿಲ್ಲವೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ನಮ್ಮ ಮೊದಲ ಉಪಾಯಗಳು ಎಂಥವೆಂದು ಹೇಳಲು ನಾಚಿಕೆಯಾಗುತ್ತದೆ. ಅವ್ವ ದೃಷ್ಟಿ ತೆಗೆದಳು. ಅದರಿಂದ ಕೆಡುಕೇನೂ ಆಗಲಿಲ್ಲ. "ಸುಮ್ಮನ ಮಲಕೋ, ಇಲ್ಲಂದ್ರ ಗುಮ್ಮ ಬರ್ತಾನ" ಎಂದು ಹೆದರಿಸಿದಳು, ಅದರಿಂದ ಕೆಡುಕಾಯಿತು. ನಾನು ಪರೀಕ್ಷೆಯ ಓದಿಗೆ ಅಡ್ಡಿಯಾಗದಿರಲೆಂದು ಕೈಗೆ ಮೊಬೈಲು ಕೊಟ್ಟು ಗೋಡೆಯ ಕಡೆಗೆ ತಿರುಗಿಸಿ ಮಲಗಿಸಿದೆ. ಒಂದು ರಾತ್ರಿ ತಾಳ್ಮೆ ತಪ್ಪಿ ಬೆನ್ನಿಗೆ ಒಂದು ಏಟನ್ನೂ ಕೊಟ್ಟೆ. ಆ ರಾತ್ರಿ ಅವಳು ಮಲಗಿದ್ದು ಹನ್ನೆರಡು ಗಂಟೆ ದಾಟಿದ ಮೇಲೆ.

ಮರುದಿನ ನಮ್ಮ ಮನಶ್ಶಾಸ್ತ್ರದ ಅಧ್ಯಾಪಕರ ಮುಂದೆ ಈ ವಿಷಯವನ್ನು ನಿವೇದಿಸಿಕೊಂಡೆ. ಅವರು ಉಪದೇಶವನ್ನೇನೂ ಮಾಡಲಿಲ್ಲ. "ಹದಿನಾಲ್ಕು ದಿನ ಏನೂ ಮಾಡಬೇಡಿ, ಬರೆದಿಡಿ" ಎಂದರು. ಎದ್ದ ಹೊತ್ತು, ಹಗಲು ನಿದ್ದೆ, ಸಂಜೆ ತಿಂದದ್ದು ಕುಡಿದದ್ದು, ಹಾಸಿಗೆಗೆ ಹೋದ ಹೊತ್ತು, ನಿದ್ದೆ ಹತ್ತಿದ ಹೊತ್ತು, ಆಗ ಪಕ್ಕದಲ್ಲಿದ್ದವರು ಯಾರು ಎಂಬ ಆರು ಕಲಮುಗಳನ್ನು ನೋಟುಪುಸ್ತಕದಲ್ಲಿ ಎಳೆದುಕೊಂಡೆ. ಆ ನೋಟುಪುಸ್ತಕವು ನನಗೆ ಕಲಿಸಿದ್ದನ್ನು ಹೇಳುವ ಮೊದಲು, ನಿದ್ದೆ ಎಂಬುದು ಹೇಗೆ ಬರುತ್ತದೆಂಬುದನ್ನು ಸ್ವಲ್ಪ ವಿವರಿಸಬೇಕು.

ನಿದ್ದೆ ಬರುವ ಬಗೆ

ನಿದ್ದೆಯನ್ನು ಎರಡು ಶಕ್ತಿಗಳು ಕೂಡಿ ನಡೆಸುತ್ತವೆಂದು 1982ರಲ್ಲಿ ಅಲೆಕ್ಸಾಂಡರ್ ಬೋರ್ಬೆಲಿ ಎಂಬ ವಿಜ್ಞಾನಿ ಪ್ರತಿಪಾದಿಸಿದರು. ಇಂದಿಗೂ ಈ ವಿಷಯವನ್ನು ಓದುವವರು ಮೊದಲು ಕಲಿಯುವುದು ಇದನ್ನೇ. ಒಂದನೆಯದು ನಿದ್ದೆಯ ಹಸಿವು. ಎಚ್ಚರವಾಗಿರುವಷ್ಟು ಹೊತ್ತೂ ಇದು ಬೆಳೆಯುತ್ತ ಹೋಗುತ್ತದೆ, ನಿದ್ರಿಸಿದಾಗ ತೀರುತ್ತದೆ. ಎಚ್ಚರವಿದ್ದಾಗ ಮೆದುಳಿನಲ್ಲಿ ಅಡೆನೋಸಿನ್ ಎಂಬ ಪದಾರ್ಥ ಸಂಗ್ರಹವಾಗುವುದು ಇದಕ್ಕೆ ಒಂದು ಮುಖ್ಯ ಕಾರಣ. ಸಂಜೆ ತಿಂಡಿ ತಿಂದ ಮಗುವಿಗೆ ರಾತ್ರಿ ಊಟ ಸೇರದಿರುವಂತೆ, ಸಂಜೆ ಮಲಗಿದ ಮಗುವಿಗೆ ರಾತ್ರಿ ನಿದ್ದೆ ಬಾರದು.

ಎರಡನೆಯದು ದೇಹದ ಗಡಿಯಾರ. ಇದು ಮೆದುಳಿನ ತಳಭಾಗದಲ್ಲಿ, ಕಣ್ಣಿನ ನರಗಳು ಕೂಡುವ ಸ್ಥಳದ ಮೇಲಿರುವ ಪುಟ್ಟ ಜೀವಕೋಶಗಳ ಗುಂಪು. ಇದರ ಮಹತ್ವವು 1972ರಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ತಿಳಿದುಬಂದಿತು. ಜೀವಕೋಶಗಳ ಒಳಗೆ ಈ ಗಡಿಯಾರ ನಡೆಯುವ ಬಗೆಯನ್ನು ಬಿಡಿಸಿದ ಹಾಲ್, ರಾಸ್‌ಬ್ಯಾಷ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಈ ಗಡಿಯಾರವು ಸುಲಭವಾಗಿ ನಮ್ಮ ಮಾತು ಕೇಳುವಂಥದಲ್ಲ. 1938ರಲ್ಲಿ ಅಮೆರಿಕದ ನಥೇನಿಯಲ್ ಕ್ಲೈಟ್‌ಮನ್ ಎಂಬ ಶರೀರಶಾಸ್ತ್ರಜ್ಞರು ತಮ್ಮ ವಿದ್ಯಾರ್ಥಿ ರಿಚರ್ಡ್‌ಸನ್‌ನೊಡನೆ ಕೆಂಟಕಿ ಪ್ರಾಂತದ ಮ್ಯಾಮತ್ ಗುಹೆಯಲ್ಲಿ 32 ದಿನ ವಾಸಮಾಡಿ, 28 ಗಂಟೆಗಳ ದಿನಚರಿಗೆ ದೇಹವನ್ನು ಒಗ್ಗಿಸಲು ಪ್ರಯತ್ನಿಸಿದರು. ಶಿಷ್ಯನ ದೇಹ ಒಗ್ಗಿತು; ಗುರುಗಳ ದೇಹ ಹಳೆಯ ಹೊತ್ತನ್ನೇ ಹಿಡಿದು ಕುಳಿತಿತು. ಇಬ್ಬರು ಮನುಷ್ಯರ ಗಡಿಯಾರ ಒಂದೇ ಬಗೆಯಲ್ಲವೆಂಬುದು ಇದರಿಂದ ಸ್ಪಷ್ಟ. ಅಕ್ಕನ ಮಗು ಎಂಟಕ್ಕೆ ಮಲಗುತ್ತದೆ, ತಂಗಿಯ ಮಗು ಯಾಕೆ ಮಲಗುವುದಿಲ್ಲ ಎಂದು ಕೇಳುವವರು ಈ ಗುಹೆಯನ್ನು ನೆನೆಯಬೇಕು.

ಕತ್ತಲಾದ ಮೇಲೆ ಗಡಿಯಾರದ ಅಪ್ಪಣೆಯಂತೆ ಮೆದುಳಿನ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಇದನ್ನು 1958ರಲ್ಲಿ ಏರನ್ ಲರ್ನರ್ ಮತ್ತು ಅವರ ಸಂಗಡಿಗರು ಬೇರ್ಪಡಿಸಿದರು. ಇದು ದೇಹಕ್ಕೆಲ್ಲ "ರಾತ್ರಿಯಾಯಿತು" ಎಂದು ಸಾರುವ ಡಂಗುರ. ಬೆಳಕು ಕಣ್ಣಿಗೆ ಬಿದ್ದರೆ ಡಂಗುರ ನಿಂತುಹೋಗುತ್ತದೆ. ಮಕ್ಕಳ ಕಣ್ಣಿನ ಪಾಪೆ ದೊಡ್ಡದು, ಮಸೂರ ತಿಳಿ; ಆದುದರಿಂದ ಬೆಳಕಿನ ಪರಿಣಾಮ ಅವರಲ್ಲಿ ಹೆಚ್ಚು. 2018ರಲ್ಲಿ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದವರು ಮೂರರಿಂದ ಐದು ವರ್ಷದ ಹತ್ತು ಮಕ್ಕಳನ್ನು ಮಲಗುವ ಹೊತ್ತಿಗೆ ಮುಂಚೆ ಒಂದು ಗಂಟೆ ಕಾಲ ಪ್ರಕಾಶಮಾನವಾದ ಬೆಳಕಿನಲ್ಲಿ ಆಡಿಸಿ ನೋಡಿದಾಗ, ಮೆಲಟೋನಿನ್ ಪ್ರಮಾಣವು ನೂರಕ್ಕೆ ಸುಮಾರು 88 ಪಾಲು ಇಳಿದುಹೋಯಿತು. ಮೊಬೈಲಿನ ಬೆಳಕು ಅಷ್ಟು ಪ್ರಖರವಲ್ಲ, ನಿಜ. ಆದರೆ ಅದು ಮೂಗಿನ ತುದಿಯಲ್ಲಿರುತ್ತದೆ; ಅದರೊಳಗಿನ ಕುಣಿತ ಕೂಗಾಟಗಳು ಮನಸ್ಸನ್ನು ಬೇರೆ ಎಬ್ಬಿಸುತ್ತವೆ.

ಇನ್ನೊಂದು ವಿಚಿತ್ರವನ್ನು ಹೇಳಲೇಬೇಕು. ಯಾವ ಹೊತ್ತಿಗೆ ನಿದ್ದೆ ಹತ್ತುವ ರೂಢಿಯಿದೆಯೋ ಅದಕ್ಕೆ ಒಂದೆರಡು ಗಂಟೆ ಮುಂಚೆ ಗಡಿಯಾರವು ಎಚ್ಚರವನ್ನು ಬಿಗಿಯಾಗಿ ಹಿಡಿದಿರುತ್ತದೆ. ಹನ್ನೊಂದಕ್ಕೆ ಮಲಗುವ ರೂಢಿ ಬಿದ್ದ ಮಗುವನ್ನು ಒಂಬತ್ತಕ್ಕೆ ಹಾಸಿಗೆಗೆ ನೂಕುವುದೆಂದರೆ, ಅದು ಅತ್ಯಂತ ಚುರುಕಾಗಿರುವ ಹೊತ್ತಿನಲ್ಲಿ "ಮಲಗು" ಎಂದು ಗದರಿಸಿದಂತೆ. ಮಗು ಹಟ ಮಾಡುತ್ತದೆನ್ನುತ್ತೇವೆ; ವಾಸ್ತವವಾಗಿ ಹಟ ಮಾಡುವವರು ನಾವು.

ನೋಟುಪುಸ್ತಕ ಹೇಳಿದ್ದು

ಹದಿನಾಲ್ಕು ದಿನಗಳ ಲೆಕ್ಕವನ್ನು ಕೂಡಿಸಿದಾಗ ಪುಟ್ಟಿಗೆ ನಿದ್ದೆ ಹತ್ತುತ್ತಿದ್ದದ್ದು ಸರಾಸರಿ 11 ಗಂಟೆ 20 ನಿಮಿಷಕ್ಕೆ. ಒಂಬತ್ತು ದಿನ ಅವಳು ಶಾಲೆಯಿಂದ ಬಂದು ನಾಲ್ಕೂವರೆಯಿಂದ ಆರರವರೆಗೆ ಮಲಗಿದ್ದಳು. ಆ ದಿನಗಳಲ್ಲಿ ರಾತ್ರಿಯ ನಿದ್ದೆ ಮತ್ತಷ್ಟು ತಡ. ಎದ್ದೊಡನೆ ಅವ್ವ ಕೊಡುತ್ತಿದ್ದದ್ದು ಒಂದು ಲೋಟ ಚಹ. ಚಹದಲ್ಲಿರುವ ಕೆಫೀನು ಅಡೆನೋಸಿನ್ನಿನ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ; ಅಂದರೆ ನಿದ್ದೆಯ ಹಸಿವನ್ನು ಮರೆಸುತ್ತದೆ. ದೊಡ್ಡವರ ದೇಹದಲ್ಲಿಯೂ ಕುಡಿದ ಕೆಫೀನಿನ ಅರ್ಧ ಭಾಗ ಕರಗಲು ಸುಮಾರು ಐದು ಗಂಟೆ ಬೇಕು. ಹಾಲು ಹೆಚ್ಚು ಚಹ ಕಡಿಮೆ ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಮಗುವಿನ ದೇಹವೂ ಚಿಕ್ಕದೆಂಬುದನ್ನು ಮರೆಯುತ್ತೇವೆ.

ನಿದ್ದೆಯ ಒಟ್ಟು ಮೊತ್ತವನ್ನೂ ಕೂಡಿಸಿದೆ. ಅಮೆರಿಕದ ನಿದ್ರಾವೈದ್ಯ ಪರಿಷತ್ತು 2016ರಲ್ಲಿ ಗೊತ್ತುಮಾಡಿದಂತೆ ಮೂರರಿಂದ ಐದು ವರ್ಷದವರಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ, ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ಗಂಟೆ, ಹದಿಮೂರರಿಂದ ಹದಿನೆಂಟು ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಪುಟ್ಟಿಗೆ ಸಂಜೆಯ ನಿದ್ದೆಯಿದ್ದ ದಿನ ಎಂಟೂವರೆ ಗಂಟೆಯೂ, ಇಲ್ಲದ ದಿನ ಏಳೂವರೆ ಗಂಟೆಯೂ ದೊರೆಯುತ್ತಿತ್ತು. ಆ ಶಾಲೆಯವರು ಕಂಡದ್ದು ಮಂದಬುದ್ಧಿಯನ್ನಲ್ಲ, ನಿದ್ದೆಯ ಬಡತನವನ್ನು.

ಆದರೆ ಚಹ, ಹಗಲು ನಿದ್ದೆ, ಮೊಬೈಲು ಇವು ಮೂರೂ ಮನೆಯಲ್ಲಿ ಮೊದಲಿನಿಂದಲೂ ಸ್ವಲ್ಪವಾದರೂ ಇದ್ದವು. ಹೊಸದಾಗಿ ಬಂದದ್ದು ಯಾವುದು? ಇದಕ್ಕೆ ಉತ್ತರ ಆರನೆಯ ಕಲಮಿನಲ್ಲಿತ್ತು. ಅಕ್ಕ ಮನೆಯಲ್ಲಿದ್ದ ರಾತ್ರಿಗಳಲ್ಲಿಯೂ ಮಗು ತಡವಾಗಿಯೇ ಮಲಗುತ್ತಿತ್ತು, ಅದೂ ತಾಯಿಯ ಕೈಯನ್ನು ಎರಡೂ ಕೈಗಳಿಂದ ಬಿಗಿಹಿಡಿದು. ನಾನು ಇದನ್ನು ಬರೆದಿಟ್ಟೆನೇ ಹೊರತು ಅರ್ಥ ಮಾಡಿಕೊಂಡಿರಲಿಲ್ಲ. ಹನ್ನೆರಡನೆಯ ರಾತ್ರಿ ನಾನು ದೀಪವಾರಿಸಿ ಪಕ್ಕದಲ್ಲಿ ಕುಳಿತಿದ್ದಾಗ ಕತ್ತಲಲ್ಲಿ ಅವಳೇ ಕೇಳಿದಳು: "ಮಾಮಾ, ನಾ ಮಲಗಿದ್ರ ನೀನೂ ಹೋಗ್ತಿಯೇನು?"

ಅಕ್ಕ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮಗು ಅಳಬಾರದೆಂದು ನಾವೇ ಒಂದು ಉಪಾಯ ಹೂಡಿದ್ದೆವು. ಬೇಗ ಉಣಿಸಿ ಎಂಟೂವರೆಗೆ ಮಲಗಿಸುವುದು. ನಿದ್ದೆ ಹತ್ತಿದೊಡನೆ ಅಕ್ಕ ಸದ್ದಿಲ್ಲದೆ ಬಾಗಿಲು ದಾಟುವುದು. ನಡುರಾತ್ರಿಯಲ್ಲಿ ಮಗು ಎದ್ದು ತಡಕಿದಾಗ ಪಕ್ಕದಲ್ಲಿ ತಾಯಿಯಿಲ್ಲ. ಹೀಗೆ ಹಲವು ರಾತ್ರಿ ನಡೆಯಿತು. ನಮಗೆ ಅದು ದಯೆಯಾಗಿ ಕಂಡಿತ್ತು. ಮಗು ಅದರಿಂದ ಕಲಿತ ಪಾಠವೇ ಬೇರೆ: ಕಣ್ಣು ಮುಚ್ಚಿದರೆ ಅಮ್ಮ ಹೋಗುತ್ತಾಳೆ, ಕಣ್ಣು ತೆರೆದಿದ್ದರೆ ಯಾರೂ ಹೋಗಲಾರರು. ಅವಳು ಹಟ ಮಾಡುತ್ತಿರಲಿಲ್ಲ, ಕಾವಲು ಕಾಯುತ್ತಿದ್ದಳು. ಕಾವಲು ಕಾಯುವವರನ್ನು ನಾನು ಹೊಡೆದಿದ್ದೆ.

ನಡುರಾತ್ರಿಯ ಎಚ್ಚರ

ನಡುರಾತ್ರಿಯಲ್ಲಿ ಎಚ್ಚರವಾಗುವುದೇ ಒಂದು ರೋಗವೆಂದು ತಿಳಿಯಬಾರದು. ನಿದ್ದೆಯು ರಾತ್ರಿಯುದ್ದಕ್ಕೂ ಒಂದೇ ಸಮನಾಗಿ ಹರಿಯುವ ಹೊಳೆಯಲ್ಲ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಕ್ಲೈಟ್‌ಮನ್ನರ ಶಿಷ್ಯರಾಗಿದ್ದ ಯೂಜೀನ್ ಆಸೆರಿನ್‌ಸ್ಕಿಯವರು ತಮ್ಮ ಎಂಟು ವರ್ಷದ ಮಗನ ಕಣ್ಣುಗಳ ಚಲನೆಯನ್ನು ಯಂತ್ರಕ್ಕೆ ಜೋಡಿಸಿ ನೋಡಿದವರು. ಮಲಗಿರುವವರ ಕಣ್ಣುಗುಡ್ಡೆಗಳು ಆಗಾಗ್ಗೆ ರೆಪ್ಪೆಯೊಳಗೆ ವೇಗವಾಗಿ ಓಡಾಡುತ್ತವೆಂಬ ಅವರ ಸಂಶೋಧನೆಯು 1953ರಲ್ಲಿ ಪ್ರಕಟವಾಯಿತು. ಅಲ್ಲಿಂದ ಮುಂದೆ, ನಿದ್ದೆಯು ಆಳಕ್ಕಿಳಿದು ಮೇಲೇರುವ ಸುತ್ತುಗಳಿಂದ ಕೂಡಿದೆಯೆಂಬುದು ತಿಳಿಯಿತು. ದೊಡ್ಡವರಲ್ಲಿ ಒಂದು ಸುತ್ತು ಸುಮಾರು 90 ನಿಮಿಷ. ಕೂಸುಗಳಲ್ಲಿ ಇನ್ನೂ ಕಡಿಮೆ. ಸುತ್ತು ಸುತ್ತುಗಳ ನಡುವೆ ಎಲ್ಲರಿಗೂ ಕ್ಷಣಕಾಲ ಎಚ್ಚರವಾಗುತ್ತದೆ. ಎಲ್ಲವೂ ಮಲಗುವಾಗ ಇದ್ದಂತೆಯೇ ಇದ್ದರೆ ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇವೆ, ಬೆಳಿಗ್ಗೆ ನೆನಪೂ ಇರುವುದಿಲ್ಲ. ಹಾಗಿಲ್ಲದಿದ್ದರೆ ಪೂರ್ಣ ಎಚ್ಚರ. ಅಮೆರಿಕದ ಮಕ್ಕಳ ವೈದ್ಯ ರಿಚರ್ಡ್ ಫರ್ಬರರು 1985ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಅಂಶಕ್ಕೆ ಬಹಳ ಮಹತ್ವ ಕೊಟ್ಟಿದ್ದಾರೆ.

ಪಾಶ್ಚಾತ್ಯ ಗ್ರಂಥಗಳು ಇದರಿಂದ, ಮಗುವನ್ನು ಅದರ ಕೋಣೆಯಲ್ಲಿ ಒಂಟಿಯಾಗಿ ಮಲಗಲು ಅಭ್ಯಾಸ ಮಾಡಿಸಬೇಕೆಂಬ ತೀರ್ಮಾನಕ್ಕೆ ಬರುತ್ತವೆ. ನಮ್ಮ ಮನೆಯಲ್ಲಿ ಮಗುವಿಗೆ ಕೋಣೆಯೆಲ್ಲಿದೆ? ನಾಲ್ವರೂ ಸಾಲಾಗಿ ಚಾಪೆ ಹಾಸಿ ಮಲಗುವವರು ನಾವು. ಅಜ್ಜಿಯ ಮಗ್ಗುಲಲ್ಲಿ ಮಲಗುವುದು ನಮ್ಮಲ್ಲಿ ದೋಷವೂ ಅಲ್ಲ. ತತ್ತ್ವವನ್ನು ಮಾತ್ರ ಇಟ್ಟುಕೊಳ್ಳಬೇಕು, ಕೋಣೆಯನ್ನು ಬಿಡಬೇಕು. ಮಲಗುವಾಗ ಯಾವುದಿತ್ತೋ ನಡುರಾತ್ರಿಯಲ್ಲಿಯೂ ಅದೇ ಇರಬೇಕು, ಅಷ್ಟೇ. ಆದುದರಿಂದ ಅಕ್ಕ ಇರಲಿ ಇಲ್ಲದಿರಲಿ, ಪುಟ್ಟಿಯ ಬಲಮಗ್ಗುಲಲ್ಲಿ ಅವ್ವ ಮಲಗಬೇಕೆಂದು ಗೊತ್ತುಮಾಡಿದೆವು. ಅಮ್ಮನ ಹಳೆಯ ಸೀರೆಗಳಿಂದ ಹೊಲಿದ ಕೌದಿಯೊಂದನ್ನು ಅವಳಿಗೇ ಎಂದು ಕೊಟ್ಟೆವು. ಅವ್ವ ಪಾಳಿಯ ರಾತ್ರಿಯೂ ಉಂಟು, ರಜೆಯ ರಾತ್ರಿಯೂ ಉಂಟು, ಕೌದಿಯೂ ಹಾಗೆಯೇ.

ನಾವು ಕೈಕೊಂಡ ಕ್ರಮ

ದಸರೆಯ ರಜೆ ಆರಂಭವಾದಂದು ನಮ್ಮ ಪ್ರಯೋಗವನ್ನು ಮೊದಲುಮಾಡಿದೆವು. ರಜೆಯನ್ನೇ ಆರಿಸಿದ್ದಕ್ಕೆ ಕಾರಣವುಂಟು: ಮೊದಲ ದಿನಗಳಲ್ಲಿ ಮಗುವಿಗೆ ನಿದ್ದೆ ಇನ್ನೂ ಸ್ವಲ್ಪ ಕಡಿಮೆಯಾಗುವುದರಿಂದ, ಶಾಲೆಯಿಲ್ಲದಿರುವುದು ಲೇಸು.

ಮೊದಲನೆಯದು ಸತ್ಯ. ಅಕ್ಕ ಇನ್ನು ಕದ್ದು ಹೋಗುವುದಿಲ್ಲವೆಂದು ಮಗುವಿಗೆ ಮಾತು ಕೊಟ್ಟಳು. ಒಂಬತ್ತೂ ಕಾಲಿಗೆ ಪುಟ್ಟಿ ಎಚ್ಚರವಿರುವಾಗಲೇ ಅವಳಿಂದ ಹೇಳಿಸಿಕೊಂಡು, "ಬೆಳಿಗ್ಗೆ ಏಳೂವರೆಗೆ ಬಂದು ನಿನಗೆ ಜಡೆ ಹಾಕುತ್ತೇನೆ" ಎಂದು ಹೇಳಿ ಹೊರಡುವುದು. ಮೊದಲ ಮೂರು ಸಲ ಮಗು ಅತ್ತಿತು. ಅಕ್ಕನೂ ಬೀದಿಯ ತಿರುವಿನಲ್ಲಿ ಅತ್ತಳಂತೆ. ಆದರೆ ಹೇಳಿದ ಹೊತ್ತಿಗೆ ತಪ್ಪದೆ ಬಂದು ಜಡೆ ಹಾಕಿದಳು. ನಾಲ್ಕನೆಯ ಸಲ ಮಗು ಬಾಗಿಲವರೆಗೆ ಬಂದು ಕೈ ಬೀಸಿತು.

ಎರಡನೆಯದು ಹಗಲಿನ ಸುಧಾರಣೆ. ಸಂಜೆಯ ನಿದ್ದೆ ನಿಂತಿತು. ಆ ಹೊತ್ತಿನಲ್ಲಿ ಅವಳನ್ನು ಬಯಲಿಗೆ ಆಡಲು ಕರೆದೊಯ್ಯುವುದು ನನ್ನ ಪಾಲಿಗೆ ಬಂದಿತು. ಆರು ವರ್ಷದವರಿಗೆ ಸಾಮಾನ್ಯವಾಗಿ ಹಗಲು ನಿದ್ದೆ ಬೇಕಾಗುವುದಿಲ್ಲ. ಇದಕ್ಕಿಂತ ಚಿಕ್ಕ ಮಕ್ಕಳಿಗೆ ಬೇಕಾಗುತ್ತದೆ. ಅಂಥವರ ನಿದ್ದೆಯನ್ನು ಕಿತ್ತುಕೊಳ್ಳದೆ ಮಧ್ಯಾಹ್ನದ ಆರಂಭಕ್ಕೆ ಸರಿಸಬೇಕು. ಚಹದ ಜಾಗಕ್ಕೆ ಹಾಲು ಬಂದಿತು. ಏಳುವ ಹೊತ್ತನ್ನು ಆರೂ ಮುಕ್ಕಾಲಿಗೆ ನಿಲ್ಲಿಸಿ, ಭಾನುವಾರವೂ ತಪ್ಪಿಸದೆ, ಎದ್ದೊಡನೆ ಅಂಗಳದ ಬೆಳಕಿಗೆ ಕರೆತಂದೆವು. ಬೆಳಗಿನ ಬೆಳಕು ದೇಹದ ಗಡಿಯಾರವನ್ನು ಹಿಂದಕ್ಕೆಳೆದು ರಾತ್ರಿ ಬೇಗ ನಿದ್ದೆ ಬರುವಂತೆ ಮಾಡುತ್ತದೆ.

ಮೂರನೆಯದು ಮಲಗುವ ಮುಂಚಿನ ಅರ್ಧ ಗಂಟೆ. ಬೆಚ್ಚನೆಯ ನೀರಿನಲ್ಲಿ ಕೈಕಾಲು ತೊಳೆಯುವುದು, ಪಾದಕ್ಕೆ ಎಣ್ಣೆ ತಿಕ್ಕುವುದು, ದೊಡ್ಡ ದೀಪವಾರಿಸಿ ಮೂಲೆಯ ಸಣ್ಣ ದೀಪ ಹಚ್ಚುವುದು, ಒಂದು ಕಥೆ, ಅವ್ವನ ಒಂದು ಹಾಡು. ಈ ಕ್ರಮ ಒಂದು ರಾತ್ರಿಯೂ ಬದಲಾಗಲಿಲ್ಲ. ಮೊಬೈಲು ಇದಕ್ಕೆ ಒಂದು ಗಂಟೆ ಮುಂಚೆಯೇ ಕಪಾಟು ಸೇರುತ್ತಿತ್ತು; ನನ್ನದೂ ಸೇರಬೇಕೆಂದು ಪುಟ್ಟಿಯೇ ವಿಧಿಸಿದಳು. ಅವ್ವನ ಎಣ್ಣೆಗೂ ಶಾಸ್ತ್ರದ ಬೆಂಬಲವುಂಟೆಂದರೆ ಆಶ್ಚರ್ಯವಾಗಬಹುದು. ಕೈಕಾಲು ಬೆಚ್ಚಗಾದರೆ ಅಲ್ಲಿಯ ರಕ್ತನಾಳಗಳು ಅಗಲವಾಗಿ ಒಳಗಿನ ಶಾಖ ಹೊರಬೀಳುತ್ತದೆ. ಒಳದೇಹ ತಣಿದಾಗ ನಿದ್ದೆ ಬೇಗ ಹತ್ತುತ್ತದೆ. ಪಾದಗಳು ಬೆಚ್ಚಗಿದ್ದವರಿಗೆ ನಿದ್ದೆ ಬೇಗ ಬರುತ್ತದೆಂದು ಸ್ವಿಟ್ಜರ್ಲೆಂಡಿನ ಸಂಶೋಧಕರು 1999ರಲ್ಲಿ ತೋರಿಸಿದರು. ಇನ್ನು ಕ್ರಮದ ವಿಷಯ. ಜೋಡಿ ಮಿಂಡೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 405 ತಾಯಂದಿರೂ ಅವರ ಎಳೆಯ ಮಕ್ಕಳೂ ಭಾಗವಹಿಸಿದ್ದರು. ಸ್ನಾನ, ಮಾಲೀಸು, ಹಾಡಿನಂಥ ಶಾಂತವಾದ ಕೆಲಸಗಳು ಇವು ಪ್ರತಿ ರಾತ್ರಿ ಒಂದೇ ಕ್ರಮದಲ್ಲಿ ನಡೆದಾಗ ಮಕ್ಕಳು ಬೇಗ ಮಲಗಿದರು, ನಡುರಾತ್ರಿ ಏಳುವುದು ಕಡಿಮೆಯಾಯಿತು, ತಾಯಂದಿರ ಮನಸ್ಸೂ ಹಗುರವಾಯಿತು.

ನಾಲ್ಕನೆಯದು ಹೊತ್ತನ್ನು ಸರಿಸುವುದು. ಇದು ಮನೆಯವರಿಗೆಲ್ಲ ವಿಪರೀತವಾಗಿ ಕಂಡಿತು. ಒಂಬತ್ತಕ್ಕೆ ಮಲಗಿಸುವುದನ್ನು ಬಿಟ್ಟು ಹನ್ನೊಂದಕ್ಕೆ ಮಲಗಿಸತೊಡಗಿದೆವು! ಅದುವರೆಗೆ ಹಾಸಿಗೆಗೆ ಹೋಗಕೂಡದು. ಮಂದ ಬೆಳಕಿನಲ್ಲಿ ಅವರೆಕಾಳು ಬಿಡಿಸುವುದೋ ಚಿತ್ರ ಬರೆಯುವುದೋ ನಡೆಯಬೇಕು. ಕಾರಣ ಹೀಗಿದೆ: ಎರಡು ಗಂಟೆ ಹೊರಳಾಡಿದ ಮಗುವಿಗೆ ಹಾಸಿಗೆಯೆಂದರೆ ಹೊರಳಾಡುವ ಸ್ಥಳವೆಂದು ಅಭ್ಯಾಸವಾಗಿರುತ್ತದೆ. ಹಾಸಿಗೆಗೂ ನಿದ್ದೆಗೂ ಮತ್ತೆ ಗಂಟು ಹಾಕಬೇಕಾದರೆ, ನಿದ್ದೆ ಬರುವ ಹೊತ್ತಿಗೇ ಹಾಸಿಗೆಗೆ ಹೋಗಬೇಕು. ಹಗಲು ನಿದ್ದೆಯಿಲ್ಲದೆ, ಆರೂ ಮುಕ್ಕಾಲಿಗೆ ಎದ್ದ ಮಗು ಹನ್ನೊಂದಕ್ಕೆ ಮಲಗಿದೊಡನೆ ನಿದ್ರಿಸಿತು. ಕಾಲು ಗಂಟೆಯೊಳಗೆ ನಿದ್ದೆ ಹತ್ತುವುದು ಒಂದೆರಡು ರಾತ್ರಿ ನಿಲುಗಡೆಗೆ ಬಂದಮೇಲೆ ಹೊತ್ತನ್ನು ಹದಿನೈದು ನಿಮಿಷ ಮುಂಚಿತ ಮಾಡಿದೆವು. ಹನ್ನೊಂದರಿಂದ ಒಂಬತ್ತೂ ಕಾಲಿಗೆ ಏಳು ಮೆಟ್ಟಲು. ಏಳನ್ನೂ ಇಳಿಯಲು ನಮಗೆ ಒಂದು ತಿಂಗಳು ಹಿಡಿಯಿತು. ಪಿಯಾಟ್ಸ, ಫಿಷರ್ ಎಂಬ ಮನಶ್ಶಾಸ್ತ್ರಜ್ಞರು 1991ರಲ್ಲಿ ವಿವರಿಸಿದ ವಿಧಾನದ ಸೌಮ್ಯ ರೂಪವಿದು.

ಐದನೆಯದು ಒಂದು ಚೀಟಿ. ಪ್ಯಾಟ್ರಿಕ್ ಫ್ರೀಮನ್ ಮತ್ತು ಸಂಗಡಿಗರು 1999ರಲ್ಲಿ ಇದನ್ನು ಪ್ರಕಟಿಸಿದರು. ಮಲಗಿದ ಮೇಲೆ ಒಂದು ಸಲ ಏಳಲು ಪರವಾನಗಿಯೆಂದು ಮಗುವಿನ ಕೈಗೆ ಒಂದು ಚೀಟಿ ಕೊಡುವುದು. ನೀರಿಗೋ ಮುದ್ದಿಗೋ ಅದನ್ನು ಖರ್ಚು ಮಾಡಬಹುದು. ಖರ್ಚಾದ ಮೇಲೆ ಏಳುವಂತಿಲ್ಲ. ಪುಟ್ಟಿ ರಟ್ಟಿನ ಮೇಲೆ ತಾನೇ ಒಂದು ಸೂರ್ಯನನ್ನು ಬರೆದುಕೊಂಡಳು. ನೀರು, ಸೊಳ್ಳೆ, ಕಾಲುನೋವುಗಳಲ್ಲಿ ಯಾವುದಕ್ಕೆ ಖರ್ಚು ಮಾಡುವುದೆಂದು ಅವಳು ಯೋಚಿಸತೊಡಗಿದಳು. ಎರಡನೆಯ ವಾರದಲ್ಲಿ ಚೀಟಿ ಹೆಚ್ಚಾಗಿ ದಿಂಬಿನಡಿಯಲ್ಲಿಯೇ ಉಳಿಯಿತು. ಕರೆದರೆ ಬರುತ್ತಾರೆಂಬ ನಂಬಿಕೆಯಿರುವವರು ಕರೆಯಲು ಅವಸರಪಡುವುದಿಲ್ಲವಷ್ಟೆ.

ಕೊನೆಯದಾಗಿ ಗುಮ್ಮನಿಗೆ ನಮ್ಮ ಮನೆಯಲ್ಲಿ ಪ್ರವೇಶ ನಿಷೇಧವಾಯಿತು. ಪುರಂದರದಾಸರ ಕೃತಿಯೊಂದರಲ್ಲಿ ಬಾಲಕೃಷ್ಣನೇ ಗುಮ್ಮನಿಗೆ ಹೆದರಿ ತಾಯಿಯನ್ನು ಬೇಡಿಕೊಳ್ಳುತ್ತಾನೆ. ಅದನ್ನು ಕೇಳಿ ನಾವು ನಗುತ್ತೇವೆ. ಏಕೆಂದರೆ ಅವನು ಮೂರು ಲೋಕಗಳ ಒಡೆಯನೆಂದು ನಮಗೆ ಗೊತ್ತು. ನಮ್ಮ ಮನೆಯ ಮಗುವಿಗೆ ಆ ಬಲವಿಲ್ಲ. ಹೆದರಿದ ದೇಹವು ಎಚ್ಚರದ ದೇಹ. ಎದೆ ಬಡಿದುಕೊಳ್ಳುತ್ತಿರುವಾಗ ನಿದ್ದೆ ಹತ್ತಿರ ಸುಳಿಯದು. ನಮ್ಮ ಹಿರಿಯರು ಗುಮ್ಮನನ್ನೂ ಕೊಟ್ಟಿದ್ದಾರೆ, ಜೋಗುಳವನ್ನೂ ಕೊಟ್ಟಿದ್ದಾರೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ನಮಗಿದೆ.

ವೈದ್ಯರ ಬಳಿಗೆ ಹೋಗಬೇಕಾದಾಗ

ಎಲ್ಲ ಮಕ್ಕಳ ನಿದ್ದೆಯೂ ಇಷ್ಟರಿಂದಲೇ ಸರಿಹೋಗುವುದೆಂದು ನಾನು ಹೇಳುವುದಿಲ್ಲ. ಮಗು ವಾರದಲ್ಲಿ ಹೆಚ್ಚು ರಾತ್ರಿ ಗೊರಕೆ ಹೊಡೆಯುತ್ತಿದ್ದರೆ, ಬಾಯಿಯಿಂದ ಉಸಿರಾಡುತ್ತಿದ್ದರೆ, ಉಸಿರು ನಿಂತು ನಿಂತು ಬಂದಂತೆ ಕಂಡರೆ ಗಂಟಲಿನ ಗ್ರಂಥಿಗಳು ಊದಿಕೊಂಡಿರಬಹುದು. ಕಾಲಿನಲ್ಲಿ ಏನೋ ಹರಿದಾಡಿದಂತಾಗಿ ಒದರುತ್ತಿದ್ದರೆ ಕಬ್ಬಿಣಾಂಶದ ಕೊರತೆಯಿರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ ಕಂಡುಬಂದ ನಮ್ಮ ದೇಶದಲ್ಲಿ ಇದನ್ನು ಮರೆಯುವಂತಿಲ್ಲ. ರಾತ್ರಿಯ ಕೆಮ್ಮು, ಉಬ್ಬಸ, ತುರಿಕೆ, ಜಂತುಹುಳುವಿನ ಬಾಧೆ ಇವೂ ನಿದ್ದೆ ಕೆಡಿಸುತ್ತವೆ. ಪುಟ್ಟಿಯನ್ನೂ ಮೊದಲು ವೈದ್ಯರಿಗೆ ತೋರಿಸಿ, ಇವಾವುವೂ ಇಲ್ಲವೆಂದು ಖಚಿತಪಡಿಸಿಕೊಂಡೆವು. ಚಿಂತೆ, ಹೆದರಿಕೆಗಳು ಹಗಲಿನಲ್ಲಿಯೂ ಬೆನ್ನುಬಿಡದಿದ್ದರೆ ಮಕ್ಕಳ ಮನೋವೈದ್ಯರನ್ನು ಕಾಣಬೇಕು. ಇದರಲ್ಲಿ ನಾಚುವಂಥದೇನೂ ಇಲ್ಲ. ಆದರೆ ಮಗು ಮಲಗಲೆಂದು ಕೆಮ್ಮಿನ ಔಷಧವನ್ನು ಕುಡಿಸುವುದು, ಅಂಗಡಿಯಿಂದ ಮೆಲಟೋನಿನ್ ಗುಳಿಗೆಯನ್ನು ತಾವಾಗಿಯೇ ತಂದುಕೊಡುವುದು ಇವು ಸರ್ವಥಾ ಕೂಡದು.

ಉಪಸಂಹಾರ

ಈಗ ಪುಟ್ಟಿಯು ಒಂಬತ್ತೂವರೆಯೊಳಗೆ ನಿದ್ರಿಸುತ್ತಾಳೆ, ಆರೂ ಮುಕ್ಕಾಲಿಗೆ ಹೆಚ್ಚು ತಕರಾರಿಲ್ಲದೆ ಏಳುತ್ತಾಳೆ. ನಡುವೆ ದೀಪಾವಳಿಯಲ್ಲಿಯೂ, ಒಂದು ಸಲ ಜ್ವರ ಬಂದಾಗಲೂ ಕ್ರಮ ತಪ್ಪಿತು. ಎರಡು ಮೆಟ್ಟಲು ಹಿಂದಕ್ಕೆ ಹೋಗಿ ಮತ್ತೆ ಬಂದೆವು. ಶಾಲೆಯಿಂದ ದೂರಿನ ಚೀಟಿ ಆಮೇಲೆ ಬರಲಿಲ್ಲ. ಅಕ್ಕ ಕೆಲಸ ಬಿಡುವ ಮಾತನ್ನು ಎತ್ತಲಿಲ್ಲ.

ಮನಶ್ಶಾಸ್ತ್ರದ ವಿದ್ಯಾರ್ಥಿಯಾಗಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಇದು ಒಂದೇ ಮಗುವಿನ ಕಥೆ. ಚಹ, ಬೆಳಕು, ಹೊತ್ತು, ಚೀಟಿ, ಕೌದಿ ಇವೆಲ್ಲವನ್ನೂ ಒಟ್ಟಿಗೇ ಬದಲಿಸಿದ್ದರಿಂದ ಯಾವುದರ ಫಲ ಎಷ್ಟೆಂದು ನಾನು ಬೇರ್ಪಡಿಸಿ ತೋರಿಸಲಾರೆ. ಪ್ರಯೋಗದ ನಿಯಮಗಳಿಗೆ ಇದು ದೋಷ. ನಮ್ಮ ಅಧ್ಯಾಪಕರು ಈ ದೋಷವನ್ನು ಎತ್ತಿ ತೋರಿಸಿ, "ಮಗು ಮಲಗಿತಲ್ಲ, ಸಾಕು" ಎಂದು ನಕ್ಕರು. ನನ್ನನ್ನು ಕೇಳಿದರೆ, ಎಲ್ಲಕ್ಕೂ ಮೊದಲು ಬೇಕಾಗಿದ್ದದ್ದು ಅಕ್ಕ ಬಾಗಿಲಲ್ಲಿ ನಿಂತು ಹೇಳಿಹೋದ ಆ ಮಾತು. ಮಿಕ್ಕವು ಅದರ ನೆರವಿಗೆ ಬಂದವು.

ನಮ್ಮಲ್ಲಿ ಅನೇಕರು ನಾಳೆ ಶಾಲೆಗಳಲ್ಲಿ ಉಪಾಧ್ಯಾಯರಾಗುವವರು. ತರಗತಿಯ ಕೊನೆಯ ಸಾಲಿನಲ್ಲಿ ತೂಕಡಿಸುವ ಮಗುವನ್ನು ಅವರು ಕಂಡೇ ಕಾಣುತ್ತಾರೆ. ಅದರ ಕಿವಿ ಹಿಂಡುವ ಮೊದಲು, ನಿನ್ನೆ ಎಷ್ಟು ಹೊತ್ತಿಗೆ ಮಲಗಿದೆ, ಯಾರ ಪಕ್ಕದಲ್ಲಿ ಮಲಗಿದೆ ಎಂದು ಮೆಲ್ಲನೆ ಕೇಳಿದರೆ ಈ ಲೇಖನ ಬರೆದದ್ದು ಸಾರ್ಥಕವಾಯಿತೆಂದು ತಿಳಿಯುತ್ತೇನೆ.

ಪುಟ್ಟಿ ಮಲಗಿದ ಮೇಲೆ ಇದನ್ನು ಬರೆದು ಮುಗಿಸುತ್ತಿದ್ದೇನೆ. ಸೂರ್ಯನ ಚೀಟಿ ದಿಂಬಿನಡಿಯಲ್ಲಿದೆ. ಅಕ್ಕನಿಗೆ ಇಂದು ಪಾಳಿ.